ಹಗಲಲ್ಲಿ ಶುಕ್ರ: ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಗೆ ಸಿಗುತ್ತಿಲ್ಲ. ಸಹಾಯ ಬೇಕು

ನಮ್ಮದು ಸೋಮವಾರಪೇಟೆ ಹತ್ತಿರದ ತೋಟ. ಸಂಜೆಯಾದರೆ ಮಂಜು, ಪಶ್ಚಿಮಕ್ಕೆ ಸಿಲ್ವರ್ ಓಕ್ ಸಾಲು. ಅದಕ್ಕೇ ಶುಕ್ರ ಎತ್ತರದಲ್ಲಿರುವಾಗ ಹಗಲಲ್ಲೇ ಫೋಟೋ ಹಿಡಿಯಲು ನೋಡುತ್ತಿದ್ದೇನೆ.

ಇರುವುದು 6 ಇಂಚಿನ ನ್ಯೂಟೋನಿಯನ್ (ಕನ್ನಡಿ ಬಳಸುವ ಟೆಲಿಸ್ಕೋಪ್), ಮೋಟಾರ್ ಇಲ್ಲದ ಸ್ಟ್ಯಾಂಡ್, ಐಪೀಸ್ ಜಾಗದಲ್ಲಿ ಹಾಕುವ ಕಲರ್ ಪ್ಲಾನೆಟರಿ (ಗ್ರಹಗಳ ಫೋಟೋಗೆ ಬಳಸುವ) ಕ್ಯಾಮೆರಾ. ಸೂರ್ಯ ಅಪ್ಪಿತಪ್ಪಿಯೂ ಒಳಗೆ ಬೀಳಬಾರದಲ್ವಾ, ಹಾಗಾಗಿ ಮನೆಯ ನೆರಳಲ್ಲೇ ಇಡುತ್ತೇನೆ. ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್ ನೋಡಿ ತಿರುಗಿಸಿದರೆ ಐಪೀಸ್‌ನಲ್ಲಿ ಶುಕ್ರ ಸಿಗುತ್ತದೆ. ನೀಲಿ ಆಕಾಶದಲ್ಲಿ ಕತ್ತರಿಸಿದ ಉಗುರಿನಂಥ ಬಿಳಿ ಚೂರು, ಚೆನ್ನಾಗೇ ಕಾಣುತ್ತದೆ.

ತೊಂದರೆ ಕ್ಯಾಮೆರಾ ಹಾಕಿದ ಮೇಲೆ. ಪರದೆ ಪೂರ್ತಿ ಬೆಳ್ಳಗೆ. ಎಕ್ಸ್‌ಪೋಷರ್ ಇಳಿಸಿದರೆ ಬರೀ ಬೂದು. ಚಂದ್ರನ ಮೇಲೆ ಕ್ಯಾಮೆರಾ ಫೋಕಸ್ ಮಾಡಿ, ಫೋಕಸರ್‌ಗೆ ಪೆನ್ನಲ್ಲಿ ಗೆರೆ ಎಳೆದಿದ್ದೇನೆ. ಆ ಗೆರೆಗೇ ತಂದರೂ ಶುಕ್ರ ಇಲ್ಲ. ಅದು ಫ್ರೇಮ್ ದಾಟಿ ಹೋಯಿತೋ, ಆಕಾಶದ ಬೆಳಕಲ್ಲೇ ಮುಳುಗಿದೆಯೋ, ಅದೇ ಗೊತ್ತಾಗುತ್ತಿಲ್ಲ.

685 ನ್ಯಾನೋಮೀಟರ್ ಐಆರ್ ಪಾಸ್ ಫಿಲ್ಟರ್ (ಅವಕೆಂಪು, ಅಂದರೆ ಇನ್ಫ್ರಾರೆಡ್ ಬೆಳಕನ್ನು ಬಿಡುವಂಥದ್ದು) ಹಾಕಿದರೆ ನೀಲಿ ಬೆಳಕು ತಡೆದು ಆಕಾಶ ಕಪ್ಪಾಗುತ್ತದೆ, ಅಷ್ಟು ಗೊತ್ತು. ಆದರೆ ಕ್ಯಾಮೆರಾದ ಮುಂದಿನ ಗಾಜೇ ಐಆರ್ ತಡೆಯುವಂಥದ್ದಾದರೆ ದುಡ್ಡು ದಂಡ. ಈಗ ಒಂದಕ್ಕೆ ಮಾತ್ರ ಹಣ ಇದೆ.

ಹಗಲಲ್ಲಿ ಗ್ರಹ ತೆಗೆದವರು ಹೇಳಿ: ಮೊದಲು ಫಿಲ್ಟರ್ ಕೊಳ್ಳಲಾ, ಟ್ರ್ಯಾಕಿಂಗ್ ಮೌಂಟ್ (ಗ್ರಹದ ಜೊತೆ ತಾನೇ ತಿರುಗುವ ಮೋಟಾರ್ ಸ್ಟ್ಯಾಂಡ್) ಕೊಳ್ಳಲಾ? ಆ ಗಾಜು ಐಆರ್ ಬಿಡುತ್ತದೋ ಇಲ್ಲವೋ ಅಂತ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?