ನೆಲದ ಮೇಲೆ ಮುಳುಗಿದ ದೋಣಿ

ಸರಸ್ವತಿಪುರಂನ ಮೇಷ್ಟ್ರ ಹಿತ್ತಲಿಗೆ ಸ್ಪೀಡ್‌ಬೋಟ್ ಬಂದ ದಿನದಿಂದ ಕುಕ್ಕರಹಳ್ಳಿ ಕೆರೆಯ ಸುತ್ತಿನ ನಮ್ಮ ಬೆಳಗಿನ ನಡಿಗೆ ನಿಂತಿತು. ವಕೀಲರು, ಬಡಗಿ ಆಚಾರ್ರು, ನಾನು ಮೂವರೂ ಈಗ ಹಲಸಿನ ಮರದ ಕೆಳಗೆ ಹಾಜರು.

ಹದಿನೆಂಟು ಅಡಿಯ ಮರದ ದೋಣಿ. ಯಾವುದೋ ಬಂಗಲೆಯ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಮಲಗಿದ್ದುದನ್ನು ಮೇಷ್ಟ್ರು ಹರಾಜಿನಲ್ಲಿ ಕೊಂಡಿದ್ದರು. ಮನೆಯಲ್ಲಿ ಹೇಳಿದ ಬೆಲೆ ಒಂದು, ನಮಗೆ ಹೇಳಿದ್ದು ಇನ್ನೊಂದು, ಕೊಟ್ಟದ್ದು ಮೂರನೆಯದು.

"ಓಡಿಸುವುದೆಲ್ಲಿ ಮೇಷ್ಟ್ರೇ?" ವಕೀಲರು ಪಾಟೀಸವಾಲಿಗೆ ಇಳಿದರು. "ಕಾರಂಜಿ ಕೆರೆಯ ಪೆಡಲ್ ದೋಣಿಗಳ ನಡುವೆ ನುಗ್ಗಿಸುತ್ತೀರೋ? ರಂಗನತಿಟ್ಟಿಗೆ ಒಯ್ದರೆ ಹಕ್ಕಿಗಳೆಲ್ಲ ಹಾರಿಹೋಗಿ ನಿಮ್ಮನ್ನು ನೋಡುವುದಕ್ಕೆ ಮೊಸಳೆಗಳಷ್ಟೇ ಉಳಿದಾವು."

"ಕನ್ನಂಬಾಡಿಯ ಹಿನ್ನೀರು ಇದೆಯಲ್ಲ."

"ಅನುಮತಿ?"

"ನಿಮ್ಮ ಸ್ನೇಹ ಮತ್ತೇಕೆ?"

ಮೇಷ್ಟ್ರು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಕೇಳದಿದ್ದರೂ ಪಾಠ ಶುರುವಾಗುತ್ತದೆ. ಕೆರೆಯ ಮೇಲೆ ಚಪ್ಪಟೆ ಹೆಂಚಿನ ಚೂರನ್ನು ಬೀಸಿ ಎಸೆದರೆ ಅದು ಮುಳುಗದೆ ಕುಪ್ಪಳಿಸುತ್ತದೆ. ಸ್ಪೀಡ್‌ಬೋಟಿನ ಗುಟ್ಟೂ ಅದೇ. ವೇಗ ಹೆಚ್ಚಿದಂತೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೇರಿ ಜಾರುತ್ತದೆ. 1931ರಲ್ಲಿ ಅಮೆರಿಕದ ಗಾರ್ ವುಡ್ ಎಂಬಾತ ಹೀಗೆಯೇ ಗಂಟೆಗೆ ನೂರು ಮೈಲಿ ದಾಟಿದ.

"ಹೆಸರಿನಲ್ಲೇ ಮರ ಇಟ್ಟುಕೊಂಡಿದ್ದಾನೆ, ದಾಟದೆ ಏನು!" ಎಂದರು ವಕೀಲರು.

"ಇಟಲಿಯ ರೀವಾ ಕಂಪನಿಯವರು 1962ರಲ್ಲಿ ಅಕ್ವಾರಾಮಾ ಎಂಬ ದೋಣಿ ಮಾಡಿದರು. ಮಹಾಗನಿ ಮರ, ಕನ್ನಡಿಯಂಥ ಹೊಳಪು. ನಮ್ಮದು ಅದರ ದೂರದ ನೆಂಟ."

"ಅದೇ 1962ರಲ್ಲಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ಚುನಾವಣೆಗೆ ಅಳಿಸಲಾಗದ ಶಾಯಿ ಮಾಡಿಕೊಟ್ಟಿತು. ಅವರದು ತೇಲಿಸುವುದಕ್ಕೆ, ನಮ್ಮದು ಮುಳುಗಿಸುವುದಕ್ಕೆ."

ಆಚಾರ್ರು ಈ ಯಾವುದಕ್ಕೂ ಕಿವಿಗೊಡದೆ ಹಲಗೆಯೊಂದರ ಸುತ್ತಲಿನ ಕಪ್ಪು ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. "ಯಾರೋ ಕಬ್ಬಿಣದ ಸ್ಕ್ರೂ ಹಾಕಿದ್ದಾರೆ. ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುವುದಿಲ್ಲವೇ, ಮರದ ಒಗರೂ ಹಾಗೆಯೇ."

ಮೇಷ್ಟ್ರು ಅವಾಕ್ಕಾದರು. ಆರು ತಿಂಗಳು ಓದಿ ತಿಳಿದುಕೊಂಡದ್ದನ್ನು ಆಚಾರ್ರು ಒಂದು ಬಾಳೆಕಾಯಿಯಲ್ಲಿ ಮುಗಿಸಿದ್ದರು. ಸಾವರಿಸಿಕೊಂಡು, ಹಿತ್ತಾಳೆಯೂ ಬೇಡ, ನೀರಿನಲ್ಲಿ ಅದರ ಸತುವು ಕರಗಿ ಟೊಳ್ಳಾಗುತ್ತದೆ, ಕಂಚಿನ ಸ್ಕ್ರೂಗಳೇ ಆಗಬೇಕು ಎಂದರು. ವಾರ್ನಿಷ್ ಎಂಟು ಹತ್ತು ಲೇಪ. ಪ್ರತಿ ಲೇಪ ಒಣಗಿದ ಮೇಲೂ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಳಿಯಬೇಕು. ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಮದುವಣಗಿತ್ತಿಗೂ ಇಷ್ಟು ಸಲ ಅರಿಸಿನ ಹಚ್ಚುವುದಿಲ್ಲ. ಎಂಜಿನ್ನಿನ ವಿಷಯ ಎತ್ತುವುದು ಬೇಡ. ಅದು ಮಂಡ್ಯದ ಒಂದು ಗ್ಯಾರೇಜಿನಲ್ಲಿ "ನಾಳೆ ಬನ್ನಿ" ಎಂಬ ಸ್ಥಿತಿಯಲ್ಲಿದೆ.

ನಿಜವಾದ ಜಗಳ ಎದ್ದದ್ದು ತಳದ ಹಲಗೆಗಳ ಸಂದಿನ ಬಗ್ಗೆ. ಒಣಗಿ ಒಣಗಿ ರೂಪಾಯಿ ನಾಣ್ಯ ತೂರುವಷ್ಟು ಬಾಯಿ ಬಿಟ್ಟಿದ್ದವು. ಪುಟ್ಟಿ ತುಂಬಿ ಮುಚ್ಚಿಬಿಡೋಣ ಎಂದೆ ನಾನು. ಮೇಷ್ಟ್ರು ಹೌಹಾರಿದರು. ಗಟ್ಟಿಯಾಗಿ ತುಂಬಿದರೆ, ನೀರಿಗಿಳಿದು ಮರ ಉಬ್ಬಿದಾಗ ಹಲಗೆಗೆ ಜಾಗ ಸಾಲದೆ ಸ್ಕ್ರೂ ಕಿತ್ತು ಬರುತ್ತದೆ, ಒಳಗಿನ ಪಕ್ಕೆ ಮುರಿಯುತ್ತದೆ.

"ಹಾಗಾದರೆ?"

"ನೀರಿಗೆ ಬಿಡುವುದು. ಮೊದಲು ಸೋರಿ ಮುಳುಗಲು ನೋಡುತ್ತದೆ. ಒಂದೆರಡು ದಿನದಲ್ಲಿ ಸಂದು ತಾನಾಗಿ ಮುಚ್ಚಿಕೊಂಡು ತೇಲುತ್ತದೆ."

"ಮೊದಲು ಮುಳುಗಿ ಆಮೇಲೆ ತೇಲುವಂಥದ್ದನ್ನು ನಾನು ಕೋರ್ಟಿನಲ್ಲಿ ಬಹಳ ಕಂಡಿದ್ದೇನೆ," ಎಂದರು ವಕೀಲರು. "ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ."

ಆಚಾರ್ರಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬೇಸಗೆಯಲ್ಲಿ ಗಾಡಿಯ ಚಕ್ರ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ಅವರ ಊರಿನಲ್ಲಿ ಚಕ್ರವನ್ನು ಕೆರೆಗೆ ಉರುಳಿಸಿಬಿಡುತ್ತಿದ್ದರಂತೆ. ರಾತ್ರಿ ಕಳೆಯುವುದರೊಳಗೆ ಮರ ಉಬ್ಬಿ ಪಟ್ಟಿ ಬಿಗಿ. "ಮರಕ್ಕೆ ದೋಣಿ ಯಾವುದು ಗಾಡಿ ಯಾವುದು ಎಂದು ಹೇಗೆ ಗೊತ್ತಾಗಬೇಕು?"

"ಒಳಗೇ ನೀರು ತುಂಬಿಸಿಬಿಡೋಣ," ಎಂದೆ.

"ಒಂದು ಘನ ಮೀಟರ್ ನೀರು ಒಂದು ಟನ್!" ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ. "ದೋಣಿ ಇರುವುದು ನೀರನ್ನು ಹೊರಗಿಡುವುದಕ್ಕೆ, ಹೊರುವುದಕ್ಕಲ್ಲ."

ಕೊನೆಗೆ ಗೋಣಿಚೀಲಗಳನ್ನು ನೆನೆಸಿ ಒಳಗೆ ಹಾಸಿದೆವು. ಹತ್ತು ದಿನ ಬೆಳಿಗ್ಗೆ ಸಂಜೆ ಚಿಮುಕಿಸಿದೆವು. ಸಂದುಗಳು ನೂಲೆಳೆಯಷ್ಟಾದವು, ಆಮೇಲೆ ಕಾಣದಾದವು. ಹನ್ನೊಂದನೆಯ ದಿನ ತಳದ ತೂತಿಗೆ ಹಾಕುವ ಬೂಚು ಸರಿಯಾಗಿ ಕೂರುತ್ತದೆಯೇ ಎಂದು ವಕೀಲರು ಪರೀಕ್ಷಿಸಿದರು. ಕೂತಿತು. ತೆಗೆಯುವುದನ್ನು ಮರೆತರು. ಅಂದೇ ರಾತ್ರಿ ಜಡಿಮಳೆ. ತಾರಸಿಯ ನೀರಿನ ಕೊಳವೆ ನೇರವಾಗಿ ದೋಣಿಗೇ ಬಾಯಿ ತೆರೆದಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ ಆಧಾರದ ದಿಮ್ಮಿಗಳು ಕೆಸರಿನಲ್ಲಿ ಹೂತು ದೋಣಿ ಒಂದು ಕಡೆಗೆ ವಾಲಿಕೊಂಡಿತ್ತು. ಮೇಷ್ಟ್ರು ಒಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಆಚಾರ್ರು ಬಗ್ಗಿ ತಳವನ್ನೆಲ್ಲ ಅಂಗೈಯಿಂದ ಸವರಿ ಎದ್ದರು.

"ಒಂದು ಹನಿಯೂ ಹೊರಗೆ ಬಂದಿಲ್ಲ ಮೇಷ್ಟ್ರೇ."

ವಕೀಲರು ತಪ್ಪೊಪ್ಪಿಕೊಳ್ಳುವ ಮುಖ ಮಾಡಿಕೊಂಡು ಬೂಚಿಗೆ ಕೈಹಾಕಿದರು. ಅಷ್ಟರಲ್ಲಿ ಮೇಷ್ಟ್ರ ಮನೆಯವರು ಎರಡು ಬಿಂದಿಗೆ ಹಿಡಿದು ಹಿತ್ತಲಿಗೆ ಬಂದರು.

"ತೆಗೆಯಬೇಡಿ, ಇರಲಿ. ನಾಳೆ ನಲ್ಲಿಯಲ್ಲಿ ನೀರು ಬರುವ ದಿನವಲ್ಲ."