ಪದಗ್ರಹಣವೋ, ಪದಪ್ರದಾನವೋ?

ಪ್ರಶ್ನೆ: ಸರ್, ನಾನು ಉಡುಪಿಯ ಒಂದು ಸೇವಾ ಕ್ಲಬ್ಬಿನ ಕಾರ್ಯದರ್ಶಿ. ಆಮಂತ್ರಣ ಪತ್ರಿಕೆಯಲ್ಲಿ ‘ಪದಗ್ರಹಣ ಸಮಾರಂಭ’ ಅಂತ ಹಾಕಿದ್ದೆ. ಹಿರಿಯ ಸದಸ್ಯರೊಬ್ಬರು ‘ಪದಪ್ರದಾನ’ ಆಗಬೇಕು ಎನ್ನುತ್ತಾರೆ. ಪ್ರೆಸ್ಸಿನವರು ಎರಡೂ ಒಂದೇ ಅಂತಾರೆ. ನಾಳೆ ಪ್ರಿಂಟಿಗೆ ಹೋಗಬೇಕು. ಯಾವುದು ಸರಿ?

ಉತ್ತರ: ಎರಡೂ ಸರಿ, ಆದರೆ ಒಂದೇ ಅಲ್ಲ. ನಾನು ಮಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವವನು. ರೋಟರಿ, ಲಯನ್ಸ್ ಎರಡಕ್ಕೂ ಜುಲೈ 1ರಿಂದ ಹೊಸ ವರ್ಷ. ಆ ತಿಂಗಳು ಈ ಎರಡು ಪದ ದಿನಾ ಕೈಗೆ ಸಿಗುತ್ತವೆ.

ಪದಗ್ರಹಣದಲ್ಲಿ ‘ಪದ’ ಅಂದರೆ ಹುದ್ದೆ. ಗ್ರಹಣ ಅಂದರೆ ಹಿಡಿಯುವುದು, ತೆಗೆದುಕೊಳ್ಳುವುದು. ಮದುವೆಯ ಪಾಣಿಗ್ರಹಣ ನೆನಪಿಸಿಕೊಳ್ಳಿ. ಪ್ರದಾನ ಅಂದರೆ ಕೊಡುವುದು. ಪ್ರಶಸ್ತಿ ಪ್ರದಾನ ಅನ್ನುತ್ತೇವೆ ಅಲ್ವಾ? ವೇದಿಕೆಯಲ್ಲಿ ನಡೆಯುವುದನ್ನೇ ನೋಡಿ. ಒಬ್ಬರು ಕಾಲರ್, ಅಂದರೆ ಅಧ್ಯಕ್ಷ ಹುದ್ದೆಯ ಗುರುತಿನ ಹಾರ, ಎತ್ತಿ ಹೊಸ ಅಧ್ಯಕ್ಷರ ಕೊರಳಿಗೆ ಹಾಕುತ್ತಾರೆ. ಹಾಕಿದವರದ್ದು ಪದಪ್ರದಾನ, ತಲೆ ಬಾಗಿಸಿ ಹಾಕಿಸಿಕೊಂಡವರದ್ದು ಪದಗ್ರಹಣ. ಹಾಗಾಗಿ ‘ನೂತನ ಅಧ್ಯಕ್ಷರು ಪದಪ್ರದಾನ ಮಾಡಿದರು’ ಎಂದು ವರದಿ ಬಂದರೆ ನಾನು ತಿದ್ದದೆ ಬಿಡುವುದಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು ಅನ್ನುವುದೇ ತಲೆಕೆಳಗಾಗುತ್ತದೆ.

ಪ್ರಮಾಣವಚನಕ್ಕೂ ಇದೇ ಲೆಕ್ಕ. ರಾಜ್ಯಪಾಲರು ಬೋಧಿಸುತ್ತಾರೆ, ಸಚಿವರು ಸ್ವೀಕರಿಸುತ್ತಾರೆ.

ಪ್ರಶ್ನೆ: ಹಾಗಾದರೆ ನಮ್ಮ ಉಡುಪಿ ಕೃಷ್ಣ ಮಠದ ಪರ್ಯಾಯಕ್ಕೆ ಪದಗ್ರಹಣ ಅನ್ನಬಹುದಾ ಸರ್?

ಉತ್ತರ: ಬೇಡ. ಅದಕ್ಕೆ ಅದರದ್ದೇ ಮಾತಿದೆ, ಪೀಠಾರೋಹಣ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣ ಮಠದಲ್ಲಿ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಇಳಿಯುವ ಸ್ವಾಮೀಜಿ ಅಕ್ಷಯ ಪಾತ್ರೆ, ಸಟ್ಟುಗ ಕೊಡುತ್ತಾರೆ. ಏರುವವರು ಅದನ್ನು ಪಡೆದು ಸರ್ವಜ್ಞ ಪೀಠದಲ್ಲಿ ಕೂರುತ್ತಾರೆ. ಕೊಡುವುದು, ಪಡೆಯುವುದು ಇಲ್ಲೂ ಇದೆ. ಆದರೆ ಊರಿನ ಬಾಯಲ್ಲಿರುವ ಮಾತು ಬಿಟ್ಟು ಸುಮ್ನೆ ಕ್ಲಬ್ಬಿನ ಪದ ತಂದು ಹಾಕಿದರೆ ನನಗಂತೂ ಬೇಸರವಾಗುತ್ತದೆ.

ಪ್ರಶ್ನೆ: ಸರಿ ಸರ್. ನಮ್ಮ ಕಾರ್ಡಿಗೆ ಕೊನೆಗೆ ಯಾವುದು ಹಾಕಲಿ?

ಉತ್ತರ: ಕರೆಯುತ್ತಿರುವುದು ಹೊಸ ತಂಡ ಆದ್ದರಿಂದ ಮೇಲೆ ‘ಪದಗ್ರಹಣ ಸಮಾರಂಭ’ ಇರಲಿ. ಒಳಗೆ ಅತಿಥಿಯ ಹೆಸರಿನ ಎದುರು ‘ಪದಪ್ರದಾನ’ ಹಾಕಿ. ನಿಮ್ಮ ಹಿರಿಯರ ಮಾತೂ ಉಳಿಯಿತು. ಪ್ರೂಫ್ ನೋಡುವಾಗ ಅಲ್ಪಪ್ರಾಣ ‘ದ’ ಇದೆಯಾ ಅಂತ ಇನ್ನೊಮ್ಮೆ ಗಮನಿಸಿ. ‘ಪ್ರಧಾನ’ ಅಂದರೆ ಮುಖ್ಯ. ಫ್ಲೆಕ್ಸ್‌ಗಳಲ್ಲಿ ಈ ತಪ್ಪೇ ಜಾಸ್ತಿ.