ಎಸ್‌ಎಂಎಸ್ ಲಿಂಕ್ ಒತ್ತಿದರೆ ಹುಬ್ಬಳ್ಳಿ ಗಿರಾಕಿಗೆ ಜಯನಗರದ ಮಳಿಗೆ ತೋರಿಸುತ್ತಿದೆ, ಏನು ಮಾಡೋದು?

ಸೀರೆಸಾಲು:
ನಮ್ಮದು ಸೀರೆ, ರೆಡಿಮೇಡ್ ಬಟ್ಟೆ ವ್ಯಾಪಾರ. ಏಳು ಮಳಿಗೆ ಇವೆ. ಬೆಂಗಳೂರಲ್ಲಿ ಜಯನಗರ ಮತ್ತು ಮಲ್ಲೇಶ್ವರ, ಆಮೇಲೆ ಮೈಸೂರು, ಹಾಸನ, ಶಿವಮೊಗ್ಗ, ಕುಂದಾಪುರ, ಹುಬ್ಬಳ್ಳಿ. ಹಬ್ಬಕ್ಕೆ ಮುಂಚೆ ಹಳೇ ಗಿರಾಕಿಗಳಿಗೆಲ್ಲ ಒಂದೇ ಎಸ್‌ಎಂಎಸ್ ಕಳಿಸುತ್ತೇವೆ, ಅದರಲ್ಲಿ ಒಂದೇ ಲಿಂಕ್. ಒತ್ತಿದವರು ಎಲ್ಲಿದ್ದಾರೆ ಅಂತ ನೋಡಿಕೊಂಡು ಹತ್ತಿರದ ಮಳಿಗೆಯ ಪೇಜ್ ತಾನೇ ತೆರೆಯಬೇಕು, ಅಲ್ಲಿ ವಿಳಾಸ, ಫೋನ್ ನಂಬರ್, ಮ್ಯಾಪ್, ಆ ಮಳಿಗೆಯ ಆಫರ್ ಇರಬೇಕು, ಇಷ್ಟೇ ನಮಗೆ ಬೇಕಾಗಿದ್ದು. ಎಸ್‌ಎಂಎಸ್ ಕಳಿಸುವ ಕಂಪನಿಯವರು "ನಮ್ಮ ಸಿಸ್ಟಮ್ ಐಪಿ (ಇಂಟರ್ನೆಟ್ ವಿಳಾಸ) ನೋಡಿ ಊರು ಕಂಡುಹಿಡಿಯುತ್ತೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಅಂದಿದ್ದರು.

ಈಗ ನೋಡಿದರೆ ಹುಬ್ಬಳ್ಳಿ, ಶಿವಮೊಗ್ಗದವರಿಗೆಲ್ಲ ಜಯನಗರದ ಪೇಜ್ ತೆರೆಯುತ್ತಿದೆ. ಒಬ್ಬರು ಫೋನ್ ಮಾಡಿ "ಸೀರಿ ನೋಡಾಕ ಬೆಂಗಳೂರಿಗೆ ಬರಬೇಕೇನ್ರಿ?" ಅಂತ ಕೇಳಿದರು. ವಿಚಿತ್ರ ಅಂದರೆ ಹುಬ್ಬಳ್ಳಿ ಮಳಿಗೆಯ ವೈಫೈನಲ್ಲಿ ಅದೇ ಲಿಂಕ್ ಒತ್ತಿದರೆ ಸರಿಯಾಗಿ ಹುಬ್ಬಳ್ಳಿಯೇ ಬರುತ್ತೆ. ಐಪಿ ಲೆಕ್ಕವನ್ನು ಸರಿ ಮಾಡಲು ದಾರಿ ಇದೆಯಾ? ಇಲ್ಲದಿದ್ದರೆ ಫೋನಿನ ಲೊಕೇಶನ್ ಕೇಳೋದಾ? ಅಥವಾ ಮಳಿಗೆಗೊಂದರಂತೆ ಏಳು ಬೇರೆ ಬೇರೆ ಎಸ್‌ಎಂಎಸ್ ಮಾಡಬೇಕಾ? ಹಾಗೆ ಮಾಡಿದರೆ, ವ್ಯಾಪಾರದ ಎಸ್‌ಎಂಎಸ್ ಮಾದರಿಗಳನ್ನು ಮೊದಲೇ ನೋಂದಾಯಿಸಿಕೊಳ್ಳುವ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಏಳು ಟೆಂಪ್ಲೇಟ್ ಪಾಸ್ ಮಾಡಿಸಬೇಕಲ್ಲ ಅನ್ನೋದೇ ಯೋಚನೆ.

ಕೋಡುಬಳೆ_ಕೋಡರ್:
ವಿಚಿತ್ರ ಏನೂ ಇಲ್ಲ, ಐಪಿ ಕೆಲಸ ಮಾಡುವುದೇ ಹಾಗೆ. ಮೊಬೈಲ್ ಡೇಟಾದಲ್ಲಿ ನಿಮ್ಮ ಸರ್ವರ್‌ಗೆ ಕಾಣಿಸುವ ಐಪಿ ಸಾಮಾನ್ಯವಾಗಿ ಆ ಫೋನಿನದ್ದೂ ಅಲ್ಲ, ಹತ್ತಿರದ ಟವರ್‌ನದ್ದೂ ಅಲ್ಲ. ಸಾವಿರಾರು ಜನರ ಟ್ರಾಫಿಕ್ ಒಟ್ಟಿಗೆ ಸೇರಿ ಟೆಲಿಕಾಂ ಕಂಪನಿಯ ಗೇಟ್‌ವೇಯಿಂದ ಹೊರಗೆ ಬರುತ್ತೆ, ಆ ಗೇಟ್‌ವೇ ಇರುವುದು ದೊಡ್ಡ ಊರಲ್ಲಿ. ಹಾಗಾಗಿ ಹುಬ್ಬಳ್ಳಿಯಲ್ಲಿ ಕೂತವರು ಬೆಂಗಳೂರು ಅಂತ ಕಾಣುತ್ತಾರೆ, ಕೆಲವು ಸಲ ಚೆನ್ನೈ ಅಥವಾ ಮುಂಬೈ ಅಂತಲೂ ಬರುತ್ತೆ. ವೈಫೈಗೆ ಹಾಕಿಸಿಕೊಂಡ ಬ್ರಾಡ್‌ಬ್ಯಾಂಡ್ ಸ್ವಲ್ಪ ವಾಸಿ, ಅದಕ್ಕೇ ಮಳಿಗೆಯಲ್ಲಿ ಸರಿ ಬಂತು. ಆದರೆ ಎಸ್‌ಎಂಎಸ್ ಲಿಂಕ್ ಒತ್ತುವವರು ಜಾಸ್ತಿ ಜನ ಮೊಬೈಲ್ ಡೇಟಾದಲ್ಲೇ ಇರುತ್ತಾರೆ, ಅಲ್ವಾ? ಐಪಿಯಿಂದ ದೇಶ ಗೊತ್ತಾಗುತ್ತೆ. ಊರು ಗೊತ್ತಾಗುತ್ತೆ ಅಂತ ಯಾರಾದರೂ ಮಾರಲು ಬಂದರೆ ಹುಬ್ಬಳ್ಳಿಯಿಂದ ಮೊಬೈಲ್ ಡೇಟಾದಲ್ಲಿ ತೋರಿಸಿ ಅನ್ನಿ.

ಲೊಕೇಶನ್ ಪರ್ಮಿಶನ್ ಕೇಳುವುದು ಎರಡನೇ ತಪ್ಪು ದಾರಿ. ಪೇಜ್ ತೆರೆದ ತಕ್ಷಣ "ನಿಮ್ಮ ಲೊಕೇಶನ್ ಬೇಕು" ಅಂತ ಬಾಕ್ಸ್ ಬಂದರೆ ಜನ ಫ್ರಾಡ್ ಅಂದುಕೊಳ್ಳುತ್ತಾರೆ. ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಬೇರೆ. ಒಂದು ಸಲ ಬ್ಲಾಕ್ ಒತ್ತಿದರೆ ಎಷ್ಟೋ ಫೋನ್‌ಗಳಲ್ಲಿ ಮುಂದೆ ಆ ಸೈಟ್‌ಗೆ ಕೇಳುವ ಅವಕಾಶವೇ ಇರಲ್ಲ.

ಇಲ್ಲಿ ನನ್ನದೊಂದು ಪ್ರಶ್ನೆ. ಇವರು ನಿಮ್ಮ ಹಳೇ ಗಿರಾಕಿಗಳು. ಬಿಲ್ ಮಾಡುವಾಗ ಫೋನ್ ನಂಬರ್ ತೆಗೆದುಕೊಂಡಿದ್ದೀರಿ. ಯಾವ ಮಳಿಗೆಯ ಬಿಲ್ ಅಂತ ನಿಮ್ಮ ಸಾಫ್ಟ್‌ವೇರ್‌ನಲ್ಲೇ ಇದೆ. ಗೊತ್ತಿರುವುದನ್ನು ಬಿಟ್ಟು ಆಕಾಶ ನೋಡಿ ಊರು ಹುಡುಕುವುದು ಯಾಕೆ? ಪ್ರತಿ ನಂಬರ್‌ಗೂ ಬೇರೆ ಬಾಲ, ಅಂದರೆ ಕೊನೆಯಲ್ಲಿ ಬೇರೆ ಕೋಡ್, ಇರುವ ಲಿಂಕ್ ಕಳಿಸಿ. ಬಾಲದಲ್ಲಿ ಆರು ಅಕ್ಷರ ಸಾಕು. ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿ 62, ಆರು ಸ್ಥಾನಕ್ಕೆ 5,680 ಕೋಟಿ ಕಾಂಬಿನೇಶನ್ ಆಗುತ್ತೆ. ಲಿಂಕ್ ಒತ್ತಿದಾಗ ಸರ್ವರ್ ಬಾಲ ನೋಡುತ್ತೆ, ಈ ಗಿರಾಕಿ ಕೊನೆಗೆ ಕೊಂಡಿದ್ದು ಹುಬ್ಬಳ್ಳಿಯಲ್ಲಿ ಅಂತ ತಿಳಿಯುತ್ತೆ, ಹುಬ್ಬಳ್ಳಿ ಪೇಜ್‌ಗೆ ಕಳಿಸುತ್ತೆ. ಬಾಲದಲ್ಲಿ ಫೋನ್ ನಂಬರ್ ಹಾಕಬೇಡಿ, 1, 2, 3 ಅಂತ ಸಾಲಾಗಿಯೂ ಕೊಡಬೇಡಿ. ಒಂದು ಅಂಕಿ ಬದಲಿಸಿ ಪಕ್ಕದವರದ್ದು ತೆರೆದು ನೋಡುವವರು ಇದ್ದೇ ಇರುತ್ತಾರೆ.

ಘಟ್ಟದಮೇಲೆ:
ಕೋಡರ್ ಹೇಳಿದ್ದು ಸರಿ, ಆದರೆ ಬಿಲ್ ಇಲ್ಲದ ನಂಬರ್‌ಗಳೂ ಇರುತ್ತವೆ. ಆನ್‌ಲೈನ್‌ನಲ್ಲಿ ಕೊಂಡವರು, ಎಕ್ಸಿಬಿಶನ್‌ನಲ್ಲಿ ಫಾರ್ಮ್ ತುಂಬಿದವರು. ಅಂಥವರಿಗೆ ಪಿನ್‌ಕೋಡ್ ನೋಡಿ ಮಳಿಗೆ ಆರಿಸಬೇಕಾಗುತ್ತೆ. ಅಲ್ಲಿ ಎಷ್ಟೋ ಜನ ಮಾಡುವ ಕೆಲಸ ಅಂದರೆ ಮೊದಲ ಮೂರು ಅಂಕಿ ನೋಡಿ ಊರು ಹಂಚುವುದು. ನಮ್ಮ ಕಡೆ ಅದು ನಡೆಯಲ್ಲ. ಶಿವಮೊಗ್ಗ 577201, ದಾವಣಗೆರೆ 577001, ಚಿಕ್ಕಮಗಳೂರು 577101, ಚಿತ್ರದುರ್ಗ 577501. ನಾಲ್ಕು ಜಿಲ್ಲಾ ಕೇಂದ್ರ, ಎಲ್ಲಕ್ಕೂ 577. ಚಿಕ್ಕಮಗಳೂರಿನವರಿಗೆ ನಿಮ್ಮ ಹಾಸನ ಹತ್ತಿರ, ದಾವಣಗೆರೆಯವರು ಶಿವಮೊಗ್ಗಕ್ಕೂ ಹೋಗಬಹುದು ಹುಬ್ಬಳ್ಳಿಗೂ ಹೋಗಬಹುದು. ಆರೂ ಅಂಕಿ ಇಟ್ಟುಕೊಂಡೇ ಟೇಬಲ್ ಮಾಡಬೇಕು.

ಇನ್ನೊಂದು, "ಹತ್ತಿರದ ಮಳಿಗೆ" ಅನ್ನುವ ಲೆಕ್ಕ. ಹೆಚ್ಚಿನ ಸಿಸ್ಟಮ್‌ಗಳು ಎರಡು ಜಾಗದ ಮಧ್ಯೆ ನೇರ ಗೆರೆ ಎಳೆದು ದೂರ ಅಳೆಯುತ್ತವೆ. ಹೊಸನಗರದಿಂದ ಗೆರೆ ಎಳೆದರೆ ಕುಂದಾಪುರ, ಶಿವಮೊಗ್ಗ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರ, ಕುಂದಾಪುರವೇ ಸ್ವಲ್ಪ ಹತ್ತಿರ ಅಂತ ಬಂದರೂ ಬರಬಹುದು. ಆದರೆ ಕುಂದಾಪುರಕ್ಕೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ, ಅದೂ ಮನೆಯವರನ್ನೆಲ್ಲ ಕಟ್ಟಿಕೊಂಡು, ಸೀರೆ ತರಲು ಯಾರು ಘಾಟಿ ಇಳಿಯುತ್ತಾರೆ? ನಮ್ಮವರು ಜವಳಿ ಅಂದರೆ ಶಿವಮೊಗ್ಗ ಬಸ್ ಹತ್ತುತ್ತಾರೆ. ಶರಾವತಿ ಹಿನ್ನೀರಿನ ಆಚೆ ಈಚೆಯದ್ದೂ ಇದೇ ಕಥೆ ಆಗಿತ್ತು. ಗೆರೆಯಲ್ಲಿ ಪಕ್ಕದ ಊರು, ಹೋಗಬೇಕು ಅಂದರೆ ಲಾಂಚ್ ಕಾಯಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಆ ಕಡೆಯ ಲೆಕ್ಕವೇ ಬದಲಾಯಿತು, ನಿಮ್ಮ ಟೇಬಲ್ ಹಳೆಯದಾದರೆ ಅದಕ್ಕೆ ಇದು ಗೊತ್ತಿರಲ್ಲ. ಏಳೇ ಮಳಿಗೆ ಇರುವಾಗ ಸಾಫ್ಟ್‌ವೇರ್‌ಗೆ ಬಿಡಬೇಡಿ. ಆಯಾ ಮಳಿಗೆಯ ಹಳೇ ಸೇಲ್ಸ್‌ಮನ್ ಒಬ್ಬರನ್ನು ಕೂರಿಸಿಕೊಂಡು ತಾಲೂಕು ತಾಲೂಕು ಹಂಚಿ. ಒಂದು ಮಧ್ಯಾಹ್ನದ ಕೆಲಸ.

ಟೆಂಪ್ಲೇಟ್_ರಾಯ:
ಡಿಎಲ್‌ಟಿ ಭಾಗಕ್ಕೆ ನಾನು ಉತ್ತರ ಕೊಡ್ತೀನಿ. ಏಳು ಟೆಂಪ್ಲೇಟ್ ಬೇಡ. ಒಂದೇ ಸಾಕು, ಮಳಿಗೆ ಹೆಸರಿಗೆ ಒಂದು ವೇರಿಯಬಲ್ (ಬದಲಾಗುವ ಖಾಲಿ ಜಾಗ), ಲಿಂಕಿನ ಬಾಲಕ್ಕೆ ಒಂದು ವೇರಿಯಬಲ್. 2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯದ, ಅಂದರೆ ವೈಟ್‌ಲಿಸ್ಟ್ ಆಗದ ಲಿಂಕ್ ಇರುವ ಎಸ್‌ಎಂಎಸ್ ಮುಂದೆ ಹೋಗಲ್ಲ, ಟೆಲಿಕಾಂ ನಿಯಂತ್ರಕ ಟ್ರಾಯ್ ಆದೇಶ. ಆದರೆ ವೈಟ್‌ಲಿಸ್ಟ್ ಆಗಬೇಕಾದದ್ದು ಲಿಂಕಿನ ಬದಲಾಗದ ಮುಂಭಾಗ. ಅದಾದ ಮೇಲೆ ಹಿಂದಿನ ಬಾಲ ಒಬ್ಬೊಬ್ಬರಿಗೆ ಒಂದೊಂದು ಇದ್ದರೂ ನಡೆಯುತ್ತೆ. ನಿಮ್ಮದೇ ಚಿಕ್ಕ ಡೊಮೇನ್ ತೆಗೆದುಕೊಳ್ಳಿ. ಬೇರೆಯವರ ಪುಕ್ಕಟೆ ಶಾರ್ಟ್ ಲಿಂಕ್ ನಂಬಿಕೊಂಡರೆ ಅವರು ಅಂಗಡಿ ಮುಚ್ಚಿದ ದಿನ ನಿಮ್ಮ ಹಳೇ ಎಸ್‌ಎಂಎಸ್‌ಗಳೂ ಸಾಯುತ್ತವೆ. ಗೂಗಲ್‌ನ ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ ಅನ್ನುವ ಶಾರ್ಟ್ ಲಿಂಕ್ ಸೇವೆ 2025ರ ಆಗಸ್ಟ್ 25ಕ್ಕೆ ನಿಂತೇ ಹೋಯಿತು.

ಎಸ್‌ಎಂಎಸ್ ಕನ್ನಡದಲ್ಲಿ ಕಳಿಸುತ್ತೀರಾ? ಹಾಗಿದ್ದರೆ ಮಳಿಗೆ ಹೆಸರಿನ ವೇರಿಯಬಲ್ ಬಗ್ಗೆ ಹುಷಾರು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ, ಆದರೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜ್ ಯೂನಿಕೋಡ್ ಆಗಿ ಮಿತಿ 70ಕ್ಕೆ ಇಳಿಯುತ್ತೆ. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಎಣಿಕೆ. ಜಯನಗರ ನೋಡಲು ಐದು, ಲೆಕ್ಕಕ್ಕೂ ಐದು. ಹುಬ್ಬಳ್ಳಿ ನೋಡಲು ಮೂರೇ ಅಕ್ಷರ, ಲೆಕ್ಕಕ್ಕೆ ಒಂಬತ್ತು. ಹ, ಕೊಂಬು, ಬ, ಹಲಂತ, ಬ, ಳ, ಹಲಂತ, ಳ, ಗುಡಿಸು, ಎಣಿಸಿ ನೋಡಿ. ಜಯನಗರ ಹಾಕಿ ಟೆಸ್ಟ್ ಮಾಡಿದಾಗ 68ಕ್ಕೆ ನಿಂತ ಮೆಸೇಜ್ ಹುಬ್ಬಳ್ಳಿಗೆ 72 ಆಗಿ ಎರಡು ಎಸ್‌ಎಂಎಸ್ ದುಡ್ಡು ಕೀಳುತ್ತೆ. ಎರಡಾದ ಮೇಲೆ ಒಂದೊಂದಕ್ಕೆ 67 ಮಾತ್ರ. ಟೆಸ್ಟ್ ಯಾವಾಗಲೂ ಹುಬ್ಬಳ್ಳಿ ಅಥವಾ ಮಲ್ಲೇಶ್ವರ ಹಾಕಿ ಮಾಡಿ.

ಸೀರೆಸಾಲು:
ತುಂಬಾ ಥ್ಯಾಂಕ್ಸ್, ಬಿಲ್ ಲೆಕ್ಕದ ದಾರಿ ಇಷ್ಟ ಆಯಿತು. ಒಂದೇ ಅನುಮಾನ. ದೀಪಾವಳಿಗೆ ಬೆಂಗಳೂರು ಅರ್ಧ ಖಾಲಿ. ಜಯನಗರದಲ್ಲಿ ಬಿಲ್ ಆದವರು ಹಬ್ಬಕ್ಕೆ ಹುಬ್ಬಳ್ಳಿಗೋ ಕುಂದಾಪುರಕ್ಕೋ ಹೋಗಿರುತ್ತಾರೆ, ಅಲ್ಲೇ ಜವಳಿ ತೆಗೆಯುತ್ತಾರೆ. ಅವರಿಗೆ ಮತ್ತೆ ಜಯನಗರ ತೋರಿಸಿದರೆ? ಇನ್ನು ಮ್ಯಾನೇಜರ್‌ಗಳ ಜಗಳ ಬೇರೆ. ಜಯನಗರದವರು "ನಮ್ಮ ಗಿರಾಕಿಯನ್ನು ಹುಬ್ಬಳ್ಳಿಗೆ ಯಾಕೆ ಕಳಿಸಿದಿರಿ" ಅಂತಾರೆ.

ಡಲ್ಲಾಸ್_ದೋಸೆ:
ಅಮೆರಿಕದಲ್ಲೂ ಇದೇ ಪಾಡು. ಇಲ್ಲಿ ಫೋನ್ ನಂಬರಿನ ಏರಿಯಾ ಕೋಡ್ ನೋಡಿ ಸ್ಟೋರ್ ಹಂಚುವ ಚಟ ಜಾಸ್ತಿ. ಜನ ಓದುವಾಗ ತೆಗೆದುಕೊಂಡ ನಂಬರ್ ಇಟ್ಟುಕೊಂಡೇ ಮೂರು ರಾಜ್ಯ ಬದಲಿಸಿರುತ್ತಾರೆ, 408 ಇರುವವರು ಸ್ಯಾನ್ ಹೋಸೆಯಲ್ಲೇ ಇದ್ದಾರೆ ಅನ್ನೋಕಾಗಲ್ಲ. ನಿಮ್ಮಲ್ಲೂ 2015ರಿಂದ ರಾಜ್ಯ ದಾಟಿದರೂ ನಂಬರ್ ಉಳಿಸಿಕೊಳ್ಳಬಹುದಲ್ಲ, ಹಾಗಾಗಿ ನಂಬರ್ ಯಾವ ಟೆಲಿಕಾಂ ಸರ್ಕಲ್‌ನದ್ದು (ವಲಯದ್ದು) ಅಂತ ನೋಡಿ ಹಂಚೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕೆಲವು ರಿಟೇಲರ್‌ಗಳು ಸೈನ್ ಅಪ್ ಆಗುವಾಗಲೇ "ನಿಮ್ಮ ಜಿಪ್ ಕೋಡ್ ಕಳಿಸಿ" ಅಂತ ಉತ್ತರ ಕೇಳುತ್ತಾರೆ. ಅದು ಗೌರವದ ರೀತಿ ಅನಿಸುತ್ತೆ ನನಗೆ.

ಕೋಡುಬಳೆ_ಕೋಡರ್:
ಹಬ್ಬದ ಪ್ರಶ್ನೆ ಒಳ್ಳೇದು. ಅದಕ್ಕೆ ರೂಟಿಂಗ್‌ನಲ್ಲಿ ಜಾಸ್ತಿ ಬುದ್ಧಿವಂತಿಕೆ ತೋರಿಸಬೇಡಿ. ಬಿಲ್ ಆದ ಮಳಿಗೆಯ ಪೇಜನ್ನೇ ತೆರೆಯಿರಿ, ಎಸ್‌ಎಂಎಸ್‌ನಲ್ಲಿ ಯಾವ ಮಳಿಗೆ ಹೆಸರಿದೆಯೋ ಅದೇ ಪೇಜ್‌ನ ತಲೆಯಲ್ಲೂ ಇರಲಿ. ಮೆಸೇಜಲ್ಲಿ ಜಯನಗರ ಅಂತ ಓದಿ, ಒತ್ತಿದಾಗ ಹುಬ್ಬಳ್ಳಿ ಬಂದರೆ ಅನುಮಾನ ಶುರು. ಆ ಹೆಸರಿನ ಕೆಳಗೇ, ಸ್ಕ್ರೋಲ್ ಮಾಡದೆ ಕಾಣುವ ಹಾಗೆ, "ಬೇರೆ ಊರಲ್ಲಿದ್ದೀರಾ?" ಅಂತ ಒಂದು ಸಾಲು ಹಾಕಿ. ಒತ್ತಿದರೆ ಉಳಿದ ಆರು ಊರಿನ ಹೆಸರು ದೊಡ್ಡ ಬಟನ್‌ಗಳಾಗಿ ಬರಲಿ. ಆ ಪಟ್ಟಿಯ ಕೊನೆಯಲ್ಲಿ ಬೇಕಿದ್ದರೆ "ನನ್ನ ಲೊಕೇಶನ್ ಬಳಸಿ" ಇಡಿ. ಅವರಾಗಿಯೇ ಒತ್ತಿ ಅನುಮತಿ ಕೊಟ್ಟರೆ ಭಯ ಇರಲ್ಲ. ಸಿಕ್ಕ ಲೊಕೇಶನ್ ಅಲ್ಲೇ ಬಳಸಿ ಬಿಟ್ಟುಬಿಡಿ, ಸೇವ್ ಮಾಡಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ, ಬೇಡದ ಡೇಟಾ ಇಟ್ಟುಕೊಂಡಷ್ಟೂ ತಲೆನೋವು.

ಒಂದೇ ಒಂದು ಸಲ ಊರು ಬದಲಿಸಿದ ಮಾತ್ರಕ್ಕೆ ಗಿರಾಕಿಯ ಮಳಿಗೆ ಬದಲಿಸಬೇಡಿ. ಹಬ್ಬ ಮುಗಿಸಿ ಅವರು ಜಯನಗರಕ್ಕೇ ವಾಪಸ್. ಅಥವಾ ಒತ್ತಿದ್ದು ಅವರೇ ಅಲ್ಲದಿರಬಹುದು. ಅಮ್ಮನಿಗೆ ಬಂದ ಎಸ್‌ಎಂಎಸ್ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ, ಪುಣೆಯಲ್ಲಿರುವ ಮಗಳು ತೆರೆಯುತ್ತಾಳೆ. ಅದೇ ಕಾರಣಕ್ಕೆ ಆ ಪೇಜಲ್ಲಿ ಗಿರಾಕಿಯ ಹೆಸರು, ಪಾಯಿಂಟ್ಸ್, ಹಳೇ ಬಿಲ್ ಯಾವುದೂ ತೋರಿಸಬಾರದು.

ಮ್ಯಾನೇಜರ್‌ಗಳ ಜಗಳಕ್ಕೆ ಕ್ಲಿಕ್ ಲೆಕ್ಕ ಮದ್ದಲ್ಲ. ಲಿಂಕ್ ಪ್ರಿವ್ಯೂ ಮಾಡುವ ಆ್ಯಪ್‌ಗಳು, ವೈರಸ್ ಸ್ಕ್ಯಾನ್ ಮಾಡುವವು, ಎಲ್ಲ ಮನುಷ್ಯರಿಗಿಂತ ಮೊದಲೇ ಲಿಂಕ್ ತೆರೆದು ನೋಡುತ್ತವೆ. ಪೇಜಲ್ಲಿ ಒಂದು ಕೂಪನ್ ಕೋಡ್ ಕೊಡಿ, ಎಲ್ಲಿ ಬಿಲ್‌ಗೆ ಬಂತೋ ಅಲ್ಲಿಗೆ ವ್ಯಾಪಾರ, ಕಳಿಸಿಕೊಟ್ಟ ಮಳಿಗೆಗೂ ಪಾಲಿದೆ ಅಂತ ಯಜಮಾನರೇ ಮೊದಲು ಹೇಳಿಬಿಡಲಿ. ಇದು ಟೆಕ್ನಿಕಲ್ ವಿಷಯ ಅಲ್ಲವೇ ಅಲ್ಲ.

ಘಟ್ಟದಮೇಲೆ:
ಸ್ಟಾಕ್ ಮರೆತಿರಿ. ಎಸ್‌ಎಂಎಸ್‌ನಲ್ಲಿ ಇಳಕಲ್ ಸೀರೆ ಆಫರ್ ಅಂತ ಬರೆದು, ಕುಂದಾಪುರ ಮಳಿಗೆಯಲ್ಲಿ ಇಳಕಲ್ಲೇ ಇಲ್ಲ ಅಂದರೆ ಲಿಂಕ್ ಎಷ್ಟು ಸರಿ ಹೋದರೂ ಬಂದವರು ಬೈದುಕೊಂಡು ಹೋಗುತ್ತಾರೆ.

ಸೀರೆಸಾಲು:
ನಿಜ, ಆಫರ್‌ಗೂ ಮಳಿಗೆಗೂ ಟೇಬಲ್ ಮಾಡಿಸುತ್ತೇನೆ. ಕೊನೆಯದಾಗಿ, ಮುಂದಿನ ತಿಂಗಳು ಹಾಸನದ ಮಳಿಗೆ ಬೇರೆ ರಸ್ತೆಗೆ ಹೋಗುತ್ತಿದೆ, ಪೇಜಿನ ಅಡ್ರೆಸ್ಸೂ ಬದಲಾಗುತ್ತೆ. ಈಗಾಗಲೇ ಕಳಿಸಿದ ಲಿಂಕ್‌ಗಳ ಗತಿ?

ಕೋಡುಬಳೆ_ಕೋಡರ್:
ಸರ್ವರ್‌ನಲ್ಲಿ ಹಾಸನದ ಪೇಜ್ ಬದಲಿಸಿದರೆ ಹಳೇ ಲಿಂಕ್‌ಗಳೂ ಹೊಸ ಪೇಜಿಗೇ ಹೋಗುತ್ತವೆ. ಆದರೆ ಲಿಂಕಿನಿಂದ ಪೇಜಿಗೆ ಕಳಿಸುವ ರೀಡೈರೆಕ್ಟ್ 301 ಇದೆಯಾ 302 ಇದೆಯಾ ಅಂತ ಕಂಪನಿಯವರನ್ನು ಈಗಲೇ ಕೇಳಿ. 301 ಅಂದರೆ ಶಾಶ್ವತ. ಒಂದು ಸಲ ತೆರೆದ ಫೋನ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನಿಮ್ಮ ಸರ್ವರನ್ನು ಕೇಳದೆಯೇ ಹಳೇ ಪೇಜಿಗೆ ಹೋಗಬಹುದು. ತಾತ್ಕಾಲಿಕ ಅನ್ನುವ 302 ಮಾಡಿಸಿ, ಜೊತೆಗೆ ನೆನಪಿಟ್ಟುಕೊಳ್ಳಬೇಡ (ನೋ-ಕ್ಯಾಶ್) ಅನ್ನುವ ಹೆಡರ್ ಹಾಕಿಸಿ. ಹಳೇ ಪೇಜನ್ನೂ ತೆಗೆಯಬೇಡಿ, ಹೊಸ ವಿಳಾಸ ಮತ್ತು ಮ್ಯಾಪ್ ಹಾಕಿ ಅಲ್ಲೇ ಇರಲಿ.